ನಿದ್ದೆ ಬರಿಸುವ ಹಾಸಿಗೆ, ಶೀಟು, ಕೈಪಟ್ಟಿ: ಇವು ನಿಜವಾಗಿ ಕೆಲಸ ಮಾಡುತ್ತವಾ?

ತೋಟದಮನೆ, ಶಿರಸಿ

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಅರವತ್ತೆರಡು ವರ್ಷ. ಬಹಳ ಸಮಯದಿಂದ ರಾತ್ರಿ ನಿದ್ದೆ ಸರಿಯಿಲ್ಲ. ಮಲಗಿದ ಕೂಡಲೇ ನಿದ್ದೆ ಹತ್ತುತ್ತದೆ, ಆದರೆ ನಡುರಾತ್ರಿ ಎಚ್ಚರಾಗಿ ಎದ್ದು ಕೂರುತ್ತಾಳೆ. ಕಳೆದ ವಾರ ಪೇಟೆಯ ಒಂದು ಹಾಲ್‌ನಲ್ಲಿ ಉಚಿತ ಆರೋಗ್ಯ ಶಿಬಿರ ಅಂತ ಕರೆದಿದ್ದರು. ಅಲ್ಲಿ ಆಯಸ್ಕಾಂತ ಇರುವ ಹಾಸಿಗೆ ಮೇಲೆ ಮಲಗಿಸಿದ್ದಾರೆ. "ಮೈ ಹಗೂರ ಆತು" ಎಂದು ಖುಷಿಯಿಂದ ಬಂದಳು. ಬೆಲೆ ಲಕ್ಷದ ಮೇಲೆ. ಮುಂಗಡವೂ ಕೊಟ್ಟಾಗಿದೆ.

ಬೆಂಗಳೂರಿನ ಭಾವ ಅದು ಬೇಡ, ಅರ್ಥಿಂಗ್ ಶೀಟ್ ತರಿಸು ಎನ್ನುತ್ತಿದ್ದಾನೆ. ಹಾಸಿಗೆ ಮೇಲೆ ಹಾಸಿ ಪ್ಲಗ್‌ಗೆ ಸಿಕ್ಕಿಸುವುದಂತೆ, ಮೈ ನೆಲಕ್ಕೆ ತಾಗಿದ ಹಾಗೆ ಆಗಿ ನಿದ್ದೆ ಬರುತ್ತದಂತೆ. ತಂಗಿ ಕಿವಿಗೆ ಕ್ಲಿಪ್ ಹಾಕುವ ಯಂತ್ರದ ಲಿಂಕ್ ಕಳಿಸಿದ್ದಾಳೆ. ನನಗೆ ತಲೆ ಓಡುತ್ತಿಲ್ಲ. ಬಳಸಿದವರು, ವಿಷಯ ತಿಳಿದವರು ಹೇಳಿ. ದುಡ್ಡಿನ ಚಿಂತೆ ಒಂದು ಕಡೆ ಇರಲಿ, ಆಯಿಗೆ ನಿದ್ದೆ ಬರಬೇಕು.

ನಿವೃತ್ತ ಮಾಸ್ತರು, ಹೊನ್ನಾವರ

ತಮ್ಮಾ, ಹಾಸಿಗೆ ವಿಷಯ ನನಗೆ ಗೊತ್ತಿಲ್ಲ. ಮಣಿಕಟ್ಟಿಗೆ ಕಟ್ಟುವ ಆಕ್ಯುಪ್ರೆಶರ್ ಪಟ್ಟಿ ಬಳಸುತ್ತಿದ್ದೇನೆ. ಒಳಗೊಂದು ಗುಂಡಿ ಇರುತ್ತದೆ, ಕಿರುಬೆರಳಿನ ಕಡೆಯ ನೆರಿಗೆ ಮೇಲೆ ಒತ್ತುತ್ತದೆ. ನನಗೆ ಅನುಕೂಲವಾಗಿದೆ. ಕೆಲವು ನೂರು ರೂಪಾಯಿಯ ವಸ್ತು. ಎಲ್ಲವನ್ನೂ ಮೋಸ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ. ಅನುಭವಕ್ಕೂ ಬೆಲೆ ಇದೆ ಅಲ್ವಾ?

ಗಂಗಾವಳಿ ದಡ, ಅಂಕೋಲಾ

ನಾನು ಅಂಕೋಲೆಯವಳು. ಈಗ ಬೇರೆ ಜಿಲ್ಲೆಯ ಒಂದು ಆಸ್ಪತ್ರೆಯ ಸ್ಲೀಪ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ರಾತ್ರಿಯಿಡೀ ಜನ ಮಲಗುವುದನ್ನು ನೋಡುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಣ್ಣಾ, ಮೊದಲು ಹಾಸಿಗೆ ವಿಷಯ. ಮಾರುವವರು ಏನು ಹೇಳಿರುತ್ತಾರೆ ಅಂತ ಊಹಿಸಬಲ್ಲೆ. ರಕ್ತದಲ್ಲಿ ಕಬ್ಬಿಣ ಇದೆ, ಆಯಸ್ಕಾಂತ ಅದನ್ನು ಎಳೆಯುತ್ತದೆ, ರಕ್ತ ಸಂಚಾರ ಹೆಚ್ಚುತ್ತದೆ. ರಕ್ತದಲ್ಲಿ ಕಬ್ಬಿಣ ಇರುವುದು ನಿಜ. ಆದರೆ ಅದು ಮೊಳೆಯ ಕಬ್ಬಿಣದ ಹಾಗೆ ಗಟ್ಟಿಯಾಗಿ ಒಟ್ಟಿಗೆ ಇಲ್ಲ. ಹಿಮೋಗ್ಲೋಬಿನ್ ಅಣುವಿನ ಒಳಗೆ ಒಂದೊಂದೇ ಪರಮಾಣುವಾಗಿ ಕಟ್ಟಿಕೊಂಡಿದೆ. ಆಮ್ಲಜನಕ ತುಂಬಿದ ರಕ್ತವನ್ನು ಆಯಸ್ಕಾಂತ ಎಳೆಯುವುದೇ ಇಲ್ಲ, ಗೊತ್ತೇ ಆಗದಷ್ಟು ಸ್ವಲ್ಪ ತಳ್ಳುತ್ತದೆ. ಆಯಸ್ಕಾಂತದ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ. ಎಂಆರ್‌ಐ ಯಂತ್ರದ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಹಾಸಿಗೆಗೆ ಹೊಲಿದ ಬಿಲ್ಲೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಅಷ್ಟು ದೊಡ್ಡ ಯಂತ್ರದೊಳಗೆ ಮಲಗಿದವರ ರಕ್ತವೇ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಹಾಸಿಗೆಯಿಂದ ಏನಾಗಬೇಕು? ಒಂದು ಎಚ್ಚರಿಕೆ ಮಾತ್ರ ನಿಜವಾದದ್ದು: ಎದೆಯಲ್ಲಿ ಪೇಸ್‌ಮೇಕರ್ (ಹೃದಯದ ಬಡಿತ ಸರಿಯಿಡುವ ಯಂತ್ರ) ಇದ್ದವರು ಆಯಸ್ಕಾಂತದ ವಸ್ತುಗಳಿಂದ ದೂರ ಇರಬೇಕು.

ಆಯಿಗೆ ಹಗುರ ಅನಿಸಿದ್ದು ಸುಳ್ಳಲ್ಲ. ದಯವಿಟ್ಟು ಅವರಿಗೆ "ನಿನಗೆ ಭ್ರಮೆ" ಎಂದು ಹೇಳಬೇಡಿ. ಮನೆಗೆಲಸದಿಂದ ಬಿಡುವಿಲ್ಲದ ಹೆಂಗಸು ಫ್ಯಾನಿನ ಕೆಳಗೆ ಸುಮ್ನೆ ಮಲಗಿದ್ದಾರೆ. ಯಾರೋ ಹತ್ತಿರ ಕೂತು ಎಲ್ಲಿ ನೋವು ಎಂದು ಕೇಳಿದ್ದಾರೆ. ಅಷ್ಟಕ್ಕೇ ಮೈ ಹಗುರಾಗುತ್ತದೆ. ಆ ಗುಣವನ್ನು ಆಯಸ್ಕಾಂತದ ಲೆಕ್ಕಕ್ಕೆ ಬರೆದು ಲಕ್ಷ ರೂಪಾಯಿ ಕೇಳುವುದು ಮಾತ್ರ ಅನ್ಯಾಯ.

ಇದನ್ನು ಪರೀಕ್ಷೆ ಮಾಡುವುದು ಹೇಗೆ ಎಂದು ಜನ 240 ವರ್ಷದ ಹಿಂದೆಯೇ ತೋರಿಸಿದ್ದಾರೆ. ಪ್ಯಾರಿಸ್‌ನಲ್ಲಿ ಮೆಸ್ಮರ್ ಎಂಬ ವೈದ್ಯ, ಜೀವಿಗಳಲ್ಲಿ ಒಂದು ಕಾಂತಶಕ್ತಿ ಹರಿಯುತ್ತದೆ ಎಂದು ಹೇಳಿ ಚಿಕಿತ್ಸೆ ಮಾಡುತ್ತಿದ್ದ. 1784ರಲ್ಲಿ ಫ್ರಾನ್ಸಿನ ರಾಜ ತನಿಖೆಗೆ ಸಮಿತಿ ಹಾಕಿದ. ಅದರಲ್ಲಿ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲಾವೊಸಿಯೆ ಇದ್ದರು. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಮರಕ್ಕೆ ಶಕ್ತಿ ತುಂಬಿಸಿದರು. ಹನ್ನೆರಡು ವರ್ಷದ ಹುಡುಗನ ಕಣ್ಣು ಕಟ್ಟಿ ಒಂದೊಂದೇ ಮರ ಅಪ್ಪಿಕೊಳ್ಳಲು ಹೇಳಿದರು. ಆತ ನಾಲ್ಕನೇ ಮರದ ಹತ್ತಿರ ಮೂರ್ಛೆ ಹೋದ. ಶಕ್ತಿ ತುಂಬಿಸಿದ ಮರ ಬೇರೆ ಇತ್ತು! ಹುಡುಗ ನಾಟಕ ಮಾಡಿರಲಿಲ್ಲ. ಮೂರ್ಛೆ ನಿಜ, ಕಾರಣ ಮಾತ್ರ ಬೇರೆ.

ಯಾವ ಸಾಧನ ತಂದರೂ ನಾನು ಕೇಳುವ ಪ್ರಶ್ನೆ ಇದೊಂದೇ. ನೋಡಲು ಹಾಗೆಯೇ ಇರುವ, ಒಳಗೆ ಏನೂ ಇಲ್ಲದ ಇನ್ನೊಂದನ್ನು ಕೊಟ್ಟು ಹೋಲಿಸಿದ್ದಾರಾ? ಯಾರಿಗೆ ಯಾವುದು ಸಿಕ್ಕಿದೆ ಎಂದು ಗೊತ್ತಿಲ್ಲದ ಹಾಗೆ?

ಮಾಸ್ತರ್ರೇ, ನಿಮ್ಮ ಪಟ್ಟಿ ನಿಮಗೆ ಹಿತ ಕೊಡುತ್ತಿದ್ದರೆ ಖಂಡಿತ ಬಿಡಬೇಡಿ. ಅದರಿಂದ ತೊಂದರೆ ಇಲ್ಲ, ಖರ್ಚೂ ಇಲ್ಲ. ಆದರೆ ನಿದ್ದೆಯ ಸಮಸ್ಯೆ ಅಲೆಯ ಹಾಗೆ ಏರಿ ಇಳಿಯುತ್ತದೆ. ನಾವು ವಸ್ತು ಕೊಳ್ಳುವುದು ತೀರಾ ಕೆಟ್ಟ ದಿನಗಳಲ್ಲಿ. ಆಮೇಲೆ ಏನೂ ಮಾಡದಿದ್ದರೂ ಸ್ವಲ್ಪ ಸುಧಾರಿಸುತ್ತದೆ. ಹೆಸರು ಬರುವುದು ಆಗ ಕೈಯಲ್ಲಿದ್ದ ವಸ್ತುವಿಗೆ.

ಅಣ್ಣಾ, ಈಗ ನೀವು ಹೇಳಿ. ಆಯಿ ಗೊರಕೆ ಹೊಡೆಯುತ್ತಾರಾ? ಬೆಳಿಗ್ಗೆ ತಲೆನೋವು ಇದೆಯಾ? ಬಿಪಿ, ಸಕ್ಕರೆ? ಹಗಲು ಕೂತಲ್ಲೇ ತೂಕಡಿಸುತ್ತಾರಾ?

ಮೂರು ಪಿನ್ನು, ಕುಮಟಾ

ನಾನು ವೈರಿಂಗ್ ಕೆಲಸದವನು. ಅರ್ಥಿಂಗ್ ಶೀಟ್ ಬಗ್ಗೆ ಮಾತ್ರ ಹೇಳುತ್ತೇನೆ. ಅದರಿಂದ ನಿದ್ದೆ ಬರುತ್ತದೋ ಇಲ್ಲವೋ ನನಗೆ ತಿಳಿಯದು, ಆದರೆ ಪ್ಲಗ್‌ಗೆ ಸಿಕ್ಕಿಸುವ ಮೊದಲು ದಯವಿಟ್ಟು ಓದಿ.

ಆ ಶೀಟಿನೊಳಗೆ ಲೋಹದ ಎಳೆ ಇರುತ್ತದೆ. ಅದರ ವೈರ್ ಮೂರು ಪಿನ್ನಿನ ಸಾಕೆಟ್‌ನ ದೊಡ್ಡ ತೂತಿಗೆ, ಅಂದರೆ ಅರ್ಥ್‌ಗೆ ಹೋಗುತ್ತದೆ. ಆ ತೂತಿನ ಹಿಂದೆ ಏನಿದೆ ಎಂದು ನಿಮಗೆ ಗೊತ್ತಾ? ನಮ್ಮ ಕಡೆಯ ಹಳೆ ಮನೆಗಳಲ್ಲಿ ನಾನು ಬಿಚ್ಚಿ ನೋಡಿದಾಗ ಎಷ್ಟೋ ಕಡೆ ಅರ್ಥ್ ವೈರೇ ಇರಲಿಲ್ಲ. ಕೆಲವು ಕಡೆ ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿದ್ದಾರೆ. ಇದು ತೀರಾ ಅಪಾಯ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಅರ್ಥ್ ಎಂದುಕೊಂಡ ಜಾಗಕ್ಕೆ ಕರೆಂಟ್ ಬರುತ್ತದೆ. ಗುಂಡಿ ತೋಡಿ ಉಪ್ಪು ಇದ್ದಲು ಹಾಕಿದ ಮನೆಗಳಲ್ಲೂ ಬೇಸಿಗೆಯಲ್ಲಿ ನೀರು ಹಾಕುವವರಿಲ್ಲ. ಕರಾವಳಿಯ ಮರಳು ನೆಲ ಒಣಗಿದರೆ ಅರ್ಥ್ ಕೆಲಸಕ್ಕೆ ಬಾರದು.

ಶೀಟಿನ ವೈರ್‌ನಲ್ಲಿ ರಕ್ಷಣೆಗೆ ರೆಸಿಸ್ಟರ್, ಅಂದರೆ ಕರೆಂಟ್ ತಡೆಯುವ ಭಾಗ ಇರಬೇಕು. ಅಗ್ಗದ ಮಾಲಿನಲ್ಲಿ ಇದೆಯೋ ಇಲ್ಲವೋ ಹೇಗೆ ಹೇಳುವುದು? ಏಪ್ರಿಲ್, ಮೇ ತಿಂಗಳಲ್ಲಿ ಶಿರಸಿ ಕಡೆ ಗುಡುಗು ಸಿಡಿಲು ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಸಿಡಿಲಿನ ಹೊತ್ತಿಗೆ ಟಿವಿ ಪ್ಲಗ್ ಕೀಳುವ ನಾವು, ಅದೇ ಪ್ಲಗ್‌ಗೆ ಸೇರಿದ ಹಾಸಿಗೆ ಮೇಲೆ ಆಯಿಯನ್ನು ಮಲಗಿಸುವುದಾ? ಲಕ್ಷದ ಹಾಸಿಗೆಗಿಂತ ಮೊದಲು ಮನೆಗೊಂದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಹಾಕಿಸಿ.

ಗಂಗಾವಳಿ ದಡ, ಅಂಕೋಲಾ

ಪುಣ್ಯಾತ್ಮರು ನೀವು, ಇದನ್ನು ಯಾರೂ ಹೇಳುವುದಿಲ್ಲ. ಅರ್ಥಿಂಗ್ ಬಗ್ಗೆ ಎಲ್ಲರೂ ಎತ್ತಿ ತೋರಿಸುವ ಅಧ್ಯಯನ 2004ರದ್ದು. ಅದರಲ್ಲಿ ಇದ್ದವರು 12 ಜನ. ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ಅಷ್ಟರ ಮೇಲೆ ಮನೆಯವರನ್ನು ಸಾಕೆಟ್‌ಗೆ ಸೇರಿಸಲು ನಾನಂತೂ ಒಪ್ಪುವುದಿಲ್ಲ. ಮಣ್ಣು ಮೆಟ್ಟಬೇಕು ಅನಿಸಿದರೆ ತೋಟ ಇದೆ, ಬರಿಗಾಲಲ್ಲಿ ನಡೆಯಲಿ. ಬೆಳಗಿನ ಬೆಳಕೂ ಸಿಗುತ್ತದೆ. ಆ ಬೆಳಕಿನಿಂದ ರಾತ್ರಿಯ ನಿದ್ದೆಗೆ ನಿಜವಾಗಿ ಉಪಯೋಗ ಇದೆ.

ನೈಟ್ ಶಿಫ್ಟ್, ಕೈಗಾ ಕಡೆಯಿಂದ

ಕಿವಿ ಕ್ಲಿಪ್ ಬಗ್ಗೆ ಯಾರಾದರೂ ಹೇಳಿ. ನನ್ನದು ಪಾಳಿ ಕೆಲಸ. ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನಕ್ಕೇ ಎಚ್ಚರ. ಅಮೆರಿಕದಲ್ಲಿ ಸರ್ಕಾರವೇ ಒಪ್ಪಿದ ಯಂತ್ರ ಎಂದು ಜಾಹೀರಾತಿನಲ್ಲಿದೆ.

ಗಂಗಾವಳಿ ದಡ, ಅಂಕೋಲಾ

ಅದು ತಲೆಗೆ ಅತಿ ಸಣ್ಣ ಕರೆಂಟ್ ಕೊಡುವ ಯಂತ್ರ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಆತಂಕ ಮತ್ತು ನಿದ್ರಾಹೀನತೆಗೆ ಬಳಸುವ ಈ ಬಗೆಯ ಯಂತ್ರಗಳನ್ನು ಎರಡನೇ ವರ್ಗಕ್ಕೆ ಇಳಿಸಿತು. ಖಿನ್ನತೆಗೆ ಎಂದು ಮಾರುವುದನ್ನು ಹೆಚ್ಚು ಕಟ್ಟುನಿಟ್ಟಿನ ಮೂರನೇ ವರ್ಗದಲ್ಲೇ ಇಟ್ಟಿತು. ವರ್ಗ ಎಂದರೆ ಅಪಾಯದ ಲೆಕ್ಕ. ಒಳ್ಳೆ ಗುಣ ಕಾಣುತ್ತದೆ ಎಂಬ ಮೆಚ್ಚುಗೆಯ ಪತ್ರ ಅಲ್ಲ. 2018ರಲ್ಲಿ ಅಲ್ಲಿಯದೇ ಸಂಶೋಧಕರು ಇದ್ದ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ನಿದ್ದೆಯ ವಿಷಯದಲ್ಲಿ ಏನೂ ಹೇಳಲಾಗದಷ್ಟು ತೆಳ್ಳಗಿನ ಆಧಾರ ಸಿಕ್ಕಿತು. ಮೂರ್ಛೆ ರೋಗ ಇದ್ದವರು, ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ನಿಮ್ಮ ತೊಂದರೆ ಬೇರೆ ಅಣ್ಣಾ. ನಿಮ್ಮ ದೇಹದ ಗಡಿಯಾರ ಹಗಲನ್ನು ಹಗಲು ಎಂದೇ ಓದುತ್ತಿದೆ. ಪಾಳಿಯ ಮೊದಲರ್ಧದಲ್ಲಿ ಒಳ್ಳೆ ಬೆಳಕಿನಲ್ಲಿ ಇರಿ. ಕೊನೆಯ ಕೆಲವು ಗಂಟೆ ಚಹಾ ಕಾಫಿ ಬೇಡ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಬಸ್ಸಿನಲ್ಲಿ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಆದರೆ ಬೈಕ್ ಓಡಿಸುತ್ತಾ ತೂಕಡಿಸುವವರು ಹಾಕಬೇಡಿ, ಮಾತ್ರವಲ್ಲ ಬೈಕ್ ಬಿಟ್ಟು ಬಸ್ಸಿಗೇ ಬನ್ನಿ. ಮಲಗುವ ಕೋಣೆಗೆ ದಪ್ಪ ಪರದೆ. ಕ್ಲಿಪ್‌ನ ದುಡ್ಡಲ್ಲಿ ಪರದೆ ಹಾಕಿಸಿ ಇನ್ನೂ ಉಳಿಯುತ್ತದೆ.

ಬೈತಖೋಲ್ ಬಂದರು, ಕಾರವಾರ

ನಾವು ಬೋಟಿನವರು. ಬೆಳಗಾಗುವ ಮೊದಲೇ ಹೊರಡುವ ಜನ. ನಿದ್ದೆ ಇರುವುದು ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧ ಇದ್ದು ಬೋಟು ದಡದಲ್ಲಿ ಕಟ್ಟಿದಾಗ. ಆ ಎರಡು ತಿಂಗಳು ಯಾವ ಯಂತ್ರವೂ ಬೇಡ, ಮಳೆ ಶಬ್ದಕ್ಕೆ ಬಿದ್ದಲ್ಲೇ ನಿದ್ದೆ.

ನನ್ನ ಪ್ರಶ್ನೆ ಮಗನದ್ದು. ನಿದ್ದೆ ಅಳೆಯುವ ವಾಚ್ ತಗೊಂಡಿದ್ದಾನೆ. ಬೆಳಿಗ್ಗೆ ಏಳುವಾಗ ಚೆನ್ನಾಗಿಯೇ ಇರುತ್ತಾನೆ. ವಾಚ್ ನೋಡಿ ಗಾಢ ನಿದ್ದೆ ಕಡಿಮೆ ಎಂದು ಬಂದರೆ ಆ ದಿನವಿಡೀ ಸುಸ್ತು ಎನ್ನುತ್ತಾನೆ. ಏನು ಮಾಡುವುದು?

ಗಂಗಾವಳಿ ದಡ, ಅಂಕೋಲಾ

ವಾಚ್ ಬಿಚ್ಚಿಡಲು ಹೇಳಿ. ಈ ತೊಂದರೆಗೆ 2017ರಲ್ಲಿ ವೈದ್ಯರು ಆರ್ಥೊಸೋಮ್ನಿಯಾ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಅಂಕಿ ಸರಿಮಾಡುವ ಚಿಂತೆಯಲ್ಲಿ ನಿದ್ದೆ ಕೆಡುವುದು. ಗಾಢ ನಿದ್ದೆ ತಿಳಿಯಲು ನಾವು ಲ್ಯಾಬ್‌ನಲ್ಲಿ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡುತ್ತೇವೆ. ವಾಚ್‌ಗೆ ಮಿದುಳು ಕಾಣುವುದಿಲ್ಲ. ಕೈಯ ಅಲುಗಾಟ, ನಾಡಿ ನೋಡಿ ಅಂದಾಜು ಮಾಡುತ್ತದೆ. ಎಷ್ಟು ಹೊತ್ತಿಗೆ ಮಲಗಿದ, ಎದ್ದ ಎನ್ನುವುದು ಹೆಚ್ಚುಕಡಿಮೆ ಸರಿ ಇರುತ್ತದೆ. ಗಾಢ ನಿದ್ದೆಯ ನಿಮಿಷಗಳನ್ನು ನಂಬಿ ಕೂರಬಾರದು.

ವೈದ್ಯೆ, ಯಲ್ಲಾಪುರ

ನಾನು ಆಯುರ್ವೇದ ವೈದ್ಯೆ. ಈ ಶಿಬಿರಗಳಲ್ಲಿ ಆಯುರ್ವೇದದ ಹೆಸರು ಹಾಕಿಕೊಳ್ಳುತ್ತಾರೆ, ಅದು ನನಗೆ ನಿಜವಾಗಿ ನೋವು ತರುತ್ತದೆ. ಚರಕ ಸಂಹಿತೆಯಲ್ಲಿ ಆಹಾರ, ನಿದ್ರೆ, ಬ್ರಹ್ಮಚರ್ಯ ಮೂರನ್ನೂ ದೇಹದ ಉಪಸ್ತಂಭ, ಅಂದರೆ ಆಧಾರದ ಕಂಬ ಎಂದಿದ್ದಾರೆ. ಆಯಸ್ಕಾಂತದ ಹಾಸಿಗೆ ಅಲ್ಲೆಲ್ಲೂ ಇಲ್ಲ.

ನಮ್ಮಲ್ಲಿ ಇರುವುದು ಎಣ್ಣೆ, ಬಿಸಿನೀರು. ಸಂಜೆ ಪಾದಕ್ಕೆ ಎಣ್ಣೆ ತಿಕ್ಕಿ, ಬಚ್ಚಲ ಹಂಡೆಯ ಬಿಸಿನೀರು ಮೈಮೇಲೆ ಹಾಕಿಕೊಳ್ಳುವುದು. ಅದಕ್ಕೆ ಈಗಿನ ಆಧಾರವೂ ಇದೆ. 2019ರಲ್ಲಿ ಟೆಕ್ಸಾಸ್‌ನ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರು. ಮಲಗುವ ಒಂದೆರಡು ಗಂಟೆ ಮೊದಲು, 40ರಿಂದ 42.5 ಡಿಗ್ರಿ ಬಿಸಿಯ ನೀರಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೂ ನಿದ್ದೆ ಬೇಗ ಹತ್ತುತ್ತದೆ. ಕೈಕಾಲಿನ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ದೇಹ ಒಳಗೆ ತಣಿದಾಗ ನಿದ್ದೆ ಬರುತ್ತದೆ. ಹಾಗಾಗಿ ಮಿಂದ ಕೂಡಲೇ ಮಲಗುವುದಕ್ಕಿಂತ ಸ್ವಲ್ಪ ಬಿಟ್ಟು ಮಲಗುವುದು ಒಳ್ಳೆಯದು.

ಅಶ್ವಗಂಧದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ವಲ್ಪ ಉಪಯೋಗ ಕಂಡ ಸಣ್ಣ ಅಧ್ಯಯನಗಳಿವೆ. ಯಕೃತ್ತಿಗೆ ತೊಂದರೆ ಆದ ಪ್ರಕರಣಗಳೂ ವರದಿಯಾಗಿವೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಅಂಗಡಿಯಿಂದ ತಂದು ನುಂಗಬೇಡಿ.

ಬನವಾಸಿ ರಸ್ತೆ, ಶಿರಸಿ

ಇಷ್ಟೆಲ್ಲ ಯಾಕೆ, ಊಟಕ್ಕೆ ಅಪ್ಪೆಹುಳಿ (ಮಾವಿನಕಾಯಿಯ ತಿಳಿಸಾರು) ಕೊಡಿ ಆಯಿಗೆ! ನಮ್ಮನೆಯಲ್ಲಿ ಮಧ್ಯಾಹ್ನ ಅಪ್ಪೆಹುಳಿ ಕುಡಿದವರು ಚಹಾ ಹೊತ್ತಿನವರೆಗೆ ಏಳುವುದಿಲ್ಲ. ಜೊತೆಗೆ ಒಂದು ಅನುಮಾನ. ರಾತ್ರಿ ಊಟದ ಮೇಲೆ ಕವಳ (ಎಲೆ ಅಡಿಕೆ) ಹಾಕಿದರೆ ನಿದ್ದೆಗೆ ತೊಂದರೆಯಾ?

ವೈದ್ಯೆ, ಯಲ್ಲಾಪುರ

ಆಗುತ್ತದೆ. ಅಡಿಕೆಯಲ್ಲಿ ಅರೆಕೋಲಿನ್ ಇದೆ, ಅದು ಎಚ್ಚರಿಸುವ ವಸ್ತು. ಕವಳದ ಜೊತೆ ತಂಬಾಕು ಸೇರಿದರೆ ನಿಕೋಟಿನ್ ಕೂಡ. ನಮ್ಮ ಹಿರಿಯರು ಮಲಗುವ ಮೊದಲು ಹಾಕುವ ಕೊನೆಯ ಕವಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಜೀವನವೇ ಅಡಿಕೆಯಿಂದ, ಹಾಗಾಗಿ ಹೇಳಲು ಸಂಕಟ. ಆದರೆ ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ ಎಂಬುದೂ ನಿಜ. ರಾತ್ರಿಯದ್ದನ್ನಾದರೂ ಮೊದಲು ಬಿಡಲಿ.

ಅಪ್ಪೆಹುಳಿ ರುಚಿ ಬಗ್ಗೆ ಜಗಳ ಇಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆಯೇ ಕಡಿಮೆಯಾಗುತ್ತದೆ.

ತೋಟದಮನೆ, ಶಿರಸಿ

ಎಲ್ಲರಿಗೂ ಕೃತಜ್ಞತೆ. ಅಂಕೋಲೆಯ ತಂಗೀ, ನೀನು ಕೇಳಿದ್ದಕ್ಕೆ ಉತ್ತರ. ಗೊರಕೆ ಇದೆ, ಈಚೆಗೆ ಜಾಸ್ತಿ. ನಡುವೆ ಒಮ್ಮೆಲೇ ನಿಂತು ಆಮೇಲೆ ಉಸಿರು ಎಳೆದುಕೊಂಡ ಹಾಗೆ ಆಗುತ್ತದೆ ಎಂದು ಅಪ್ಪಯ್ಯ ಹೇಳಿದ. ಬೆಳಿಗ್ಗೆ ತಲೆ ಭಾರ, ಬಾಯಿ ಒಣಗುತ್ತದೆ. ಬಿಪಿಗೆ ಎರಡು ಮಾತ್ರೆ, ಆದರೂ ಹತೋಟಿಗೆ ಬಂದಿಲ್ಲ. ಜಗುಲಿಯಲ್ಲಿ ಅಡಿಕೆ ಆರಿಸುತ್ತಾ ಕೂತಲ್ಲೇ ತೂಕಡಿಸುತ್ತಾಳೆ. ರಾತ್ರಿ ನಿದ್ದೆ ಇಲ್ಲದ್ದಕ್ಕೆ ಹಾಗೆ ಎಂದುಕೊಂಡಿದ್ದೆವು.

ಗಂಗಾವಳಿ ದಡ, ಅಂಕೋಲಾ

ಅಣ್ಣಾ, ಇದನ್ನು ಓದಿ ನನಗೆ ಹಾಸಿಗೆಯ ದುಡ್ಡಿನ ಚಿಂತೆಯೇ ಹೋಯಿತು. ಆಯಿಗೆ ಸ್ಲೀಪ್ ಆಪ್ನಿಯಾ ಇದೆಯೇ ಎಂದು ಪರೀಕ್ಷೆ ಮಾಡಿಸಲೇಬೇಕು. ಇದೇ ಎಂದು ನಾನು ಹೇಳಲಾರೆ, ಅದು ವೈದ್ಯರ ಕೆಲಸ. ಆದರೆ ನೀವು ಬರೆದ ಪ್ರತಿಯೊಂದೂ ಆ ಕಡೆಗೇ ಬೆರಳು ತೋರಿಸುತ್ತದೆ.

ಆಪ್ನಿಯಾದಲ್ಲಿ ಆಗುವುದು ಇದು: ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ಇದು ಗಂಟೆಗೆ ಹತ್ತಾರು ಸಲ ಆಗಬಹುದು. ಬಿಪಿ ಇಳಿಯದಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಜಾಸ್ತಿಯಾಗುತ್ತದೆ. ಆದರೆ ಅವರು ಗೊರಕೆ ಎಂದು ಹೇಳಿಕೊಳ್ಳುವುದಿಲ್ಲ, ನಿದ್ದೆ ಬರುವುದಿಲ್ಲ, ಸುಸ್ತು ಎನ್ನುತ್ತಾರೆ. ಅದಕ್ಕೇ ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ನಿದ್ದೆ ಮಾತ್ರೆ ಕೊಟ್ಟರೆ ಕೆಲವರಿಗೆ ಇನ್ನೂ ಕೆಡುತ್ತದೆ. ದಯವಿಟ್ಟು ಅಂಗಡಿಯಿಂದ ಮಾತ್ರೆ ತರಬೇಡಿ.

ಇದಕ್ಕೆ ಒಂದು ಯಂತ್ರ ಇದೆ, ಸಿಪ್ಯಾಪ್. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಜೊತೆಗಾರರು ಮೊದಲು ವರದಿ ಮಾಡಿದರು. ಮೂಗಿನ ಮೂಲಕ ಸಣ್ಣ ಒತ್ತಡದ ಗಾಳಿ ಬಿಟ್ಟು ಗಂಟಲು ಮುಚ್ಚದ ಹಾಗೆ ಹಿಡಿಯುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟಿ ಮಲಗಬೇಕು, ಮೊದಮೊದಲು ಕಿರಿಕಿರಿ, ಕೆಲವರು ಬಿಟ್ಟೂ ಬಿಡುತ್ತಾರೆ. ಆದರೆ ಪರದೆ ಮೇಲೆ ಕಣ್ಣಾರೆ ಕಾಣುತ್ತದೆ: ಗಾಳಿ ಶುರು ಮಾಡಿದಾಗ ಉಸಿರು ಸರಿಯಾಗುತ್ತದೆ, ನಿಲ್ಲಿಸಿದರೆ ಮತ್ತೆ ಕೆಡುತ್ತದೆ. ಹೀಗೆ ತೋರಿಸಬಲ್ಲ ಒಂದೇ ಒಂದು ಆಯಸ್ಕಾಂತದ ಹಾಸಿಗೆಯನ್ನು ನಾನು ಕಂಡಿಲ್ಲ.

ಆಪ್ನಿಯಾ ಇಲ್ಲದೆ ಬರಿ ನಿದ್ದೆ ಬಾರದವರಿಗೂ ದಾರಿ ಇದೆ. ಅಮೆರಿಕದ ವೈದ್ಯರ ಸಂಘವೊಂದು (ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್) 2016ರಲ್ಲಿ ಮೊದಲ ಚಿಕಿತ್ಸೆ ಎಂದು ಹೇಳಿದ್ದು ಮಾತ್ರೆಯನ್ನಲ್ಲ, ಸಿಬಿಟಿ-ಐ ಎಂಬ ಅಭ್ಯಾಸದ ಚಿಕಿತ್ಸೆಯನ್ನು. ದಿನವೂ ಒಂದೇ ಹೊತ್ತಿಗೆ ಏಳುವುದು, ರಾತ್ರಿ ಹೇಗಿದ್ದರೂ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು. ಹೊರಳಾಡುತ್ತಿದ್ದರೆ ಎದ್ದು ಮಂದ ಬೆಳಕಲ್ಲಿ ಏನಾದರೂ ಮಾಡಿ, ಕಣ್ಣು ಎಳೆದಾಗ ವಾಪಸ್ಸು ಬರುವುದು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೂ ಕಡಿಮೆ ಮಾಡಿಸುತ್ತಾರೆ. ಈ ಭಾಗವನ್ನು ಮಾತ್ರ ತಿಳಿದವರ ಕೈಕೆಳಗೆ ಮಾಡಿ, ಯಾಕೆಂದರೆ ಮೊದಲ ಕೆಲವು ವಾರ ಹಗಲು ತೂಕಡಿಕೆ ಬರುತ್ತದೆ. ಮೂರ್ಛೆ ರೋಗ ಇದ್ದವರಿಗೆ, ಗಾಡಿ ಓಡಿಸುವವರಿಗೆ ಅಪಾಯ. ಚಿಂತೆಯಿಂದ ನಿದ್ದೆ ಕೆಟ್ಟವರು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಿವೃತ್ತ ಮಾಸ್ತರು, ಹೊನ್ನಾವರ

ಮಗಳೇ, ನೀನು ಹೇಳುವುದು ಸರಿ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸ್ಥಿತಿ ನೋಡು. ದೊಡ್ಡ ಆಸ್ಪತ್ರೆ ಬೇಕು ಎಂದು 2019ರಲ್ಲಿ ಊರಿಗೆ ಊರೇ ಕೂಗಿತು. ಈಗಲೂ ಏನಾದರೂ ಆದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಹಾಸಿಗೆ ಮಾರುವವನು ನಮ್ಮೂರ ಹಾಲ್‌ಗೇ ಬರುತ್ತಾನೆ. ಕುರ್ಚಿ ಹಾಕುತ್ತಾನೆ, ಅಜ್ಜಿ ಎಂದು ಕರೆಯುತ್ತಾನೆ, ಅರ್ಧ ದಿನ ಕೂತು ಕೇಳುತ್ತಾನೆ. ವೈದ್ಯರ ಹತ್ತಿರ ಹೋದರೆ ಎರಡು ನಿಮಿಷ. ಮುದುಕರು ಎಲ್ಲಿಗೆ ಹೋಗಬೇಕು ಹೇಳು?

ಗಂಗಾವಳಿ ದಡ, ಅಂಕೋಲಾ

ಮಾಸ್ತರ್ರೇ, ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ನಮ್ಮ ಕೆಲಸದವರು ಊರಿಗೆ ಬಂದು ಕೂತು ಕೇಳದಿದ್ದರೆ ಆ ಕುರ್ಚಿಯಲ್ಲಿ ಮಾರುವವನೇ ಕೂರುತ್ತಾನೆ. ನಮ್ಮ ಲ್ಯಾಬ್‌ಗೆ ಭಟ್ಕಳ, ಜೋಯಿಡಾ ಕಡೆಯಿಂದ ಬರುವವರನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎಷ್ಟೋ ಜನ ಉಳಿಸಿದ ದುಡ್ಡನ್ನು ಇಂಥ ವಸ್ತುಗಳಿಗೆ ಹಾಕಿ, ಕೊನೆಗೆ ಸಾಲ ಮಾಡಿ ಬಂದಿರುತ್ತಾರೆ.

ಒಂದು ಸಮಾಧಾನ: ಮೊದಲ ಪರೀಕ್ಷೆಗೆ ರಾತ್ರಿ ಆಸ್ಪತ್ರೆಯಲ್ಲಿ ಮಲಗಲೇಬೇಕು ಅಂತಿಲ್ಲ. ಮನೆಯಲ್ಲೇ ಮಾಡುವ ಸಣ್ಣ ಯಂತ್ರ ಇದೆ. ಬೆರಳಿಗೆ ಕ್ಲಿಪ್, ಮೂಗಿಗೆ ನಳಿಕೆ, ಎದೆಗೆ ಪಟ್ಟಿ. ಅಣ್ಣಾ, ಮೊದಲು ಶಿರಸಿಯಲ್ಲೇ ಫಿಸಿಷಿಯನ್ ಅಥವಾ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಅಪ್ಪಯ್ಯನನ್ನು ಜೊತೆಗೆ ಕರೆದುಕೊಂಡು ಹೋಗಿ. ಉಸಿರು ನಿಲ್ಲುವುದನ್ನು ಕಂಡವರು ಅವರೇ. ಗೊರಕೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದರೆ ಎರಡು ನಿಮಿಷದಲ್ಲೂ ವೈದ್ಯರಿಗೆ ವಿಷಯ ತಿಳಿಯುತ್ತದೆ.

ಮೂರು ಪಿನ್ನು, ಕುಮಟಾ

ಮುಂಗಡ ಬಿಡಬೇಡಿ. ಇನ್ನಷ್ಟು ಜನರನ್ನು ಸೇರಿಸಿ ಎನ್ನುವ ಚೈನ್ ವ್ಯಾಪಾರವಾದರೆ 2021ರ ನೇರ ಮಾರಾಟ ನಿಯಮಗಳಿವೆ. ರಸೀದಿಯ ಹಿಂದೆ ರದ್ದು ಮಾಡುವ ಅವಧಿ ಬರೆದಿದೆಯಾ ನೋಡಿ. ಕೊಡದಿದ್ದರೆ 1915, ಗ್ರಾಹಕರ ಸಹಾಯವಾಣಿ.

ತೋಟದಮನೆ, ಶಿರಸಿ

ಇವತ್ತು ವೈದ್ಯರಿಗೆ ತೋರಿಸಿ ಬಂದೆವು. ರೆಕಾರ್ಡ್ ಕೇಳಿದ ಕೂಡಲೇ ಮನೆ ಪರೀಕ್ಷೆಗೆ ಬರೆದುಕೊಟ್ಟರು. ಯಂತ್ರ ಹುಬ್ಬಳ್ಳಿಯಿಂದ ಬರುತ್ತದಂತೆ. ಹಾಸಿಗೆ ಬೇಡ ಎಂದು ಆಯಿಯೇ ಶಿಬಿರದವರಿಗೆ ಫೋನ್ ಮಾಡಿ ಹೇಳಿದಳು, ಮುಂಗಡದ ಬಗ್ಗೆ ಅವರಿನ್ನೂ ಉತ್ತರ ಕೊಟ್ಟಿಲ್ಲ. ನಾಳೆ 1915ಕ್ಕೆ ಮಾಡುತ್ತೇನೆ. ತಂಗೀ, ಪರೀಕ್ಷೆಯ ರಾತ್ರಿ ಏನಾದರೂ ಪಥ್ಯ ಇದೆಯಾ?

ಗಂಗಾವಳಿ ದಡ, ಅಂಕೋಲಾ

ಪಥ್ಯ ಏನಿಲ್ಲ. ಬಿಪಿ ಮಾತ್ರೆ ತಪ್ಪಿಸಬಾರದು. ಮಧ್ಯಾಹ್ನ ಮಲಗಿಸಬೇಡಿ, ಸಂಜೆ ಮೇಲೆ ಚಹಾ ಬೇಡ, ಕವಳ ಇದ್ದರೆ ಅದೂ ಬೇಡ. ಬೆರಳಿಗೆ ಉಗುರುಬಣ್ಣ ಇರಬಾರದು. ಮುಂದೆ ಲ್ಯಾಬ್‌ಗೆ ಕರೆದರೆ ಆ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ತಂತಿ ಅಂಟುವುದಿಲ್ಲ. ರಾತ್ರಿ ನಳಿಕೆ ಕಳಚಿದರೆ ಗಾಬರಿ ಬೇಡ, ಅಪ್ಪಯ್ಯ ಎಚ್ಚರಾದಾಗ ಮತ್ತೆ ಸಿಕ್ಕಿಸಲಿ. ವರದಿ ಬಂದ ಮೇಲೆ ಇಲ್ಲಿ ಹಾಕಿ, ಅದರಲ್ಲಿನ ಅಂಕಿಗಳು ಏನು ಎಂದು ಬಿಡಿಸಿ ಹೇಳುತ್ತೇನೆ. ಹೆಸರು, ಫೋನ್ ನಂಬರ್ ಇರುವ ಭಾಗ ಮುಚ್ಚಿ ಹಾಕಿ.